ಹಿಡಿದ ಹೆಗಲಿಗೆ ಸೂಜಿ ಎಲ್ಲಿ ಇಳಿಯಬೇಕು?

ಕಲಬುರಗಿ ಸೀಮೆಯ ಹೆಣ್ಣುಮಕ್ಕಳು ಹೆಗಲು ಹಿಡಿದ ಮೇಲೂ ತಿಂಗಳುಗಟ್ಟಲೆ ಜೋಳದ ರೊಟ್ಟಿ ಬಡಿಯುತ್ತಾರೆ. ಅದಕ್ಕೆ ಕೈ ಮೇಲೆತ್ತುವ ಅಗತ್ಯವಿಲ್ಲ, ಮೊಣಕೈ ಮೈಗಂಟಿಕೊಂಡಿದ್ದರೂ ಹಿಟ್ಟು ತಟ್ಟಬಹುದು. ಕೈ ಸೋಲುವುದು ಬೇರೆ ಕೆಲಸಗಳಲ್ಲಿ. ತುರುಬು ಕಟ್ಟಲು ಆಗುವುದಿಲ್ಲ, ಸೆರಗು ತಲೆಯ ಮೇಲೆಳೆದುಕೊಳ್ಳುವಾಗ ಜೀವ ಹೋದಂತಾಗುತ್ತದೆ, ಕುಪ್ಪಸದ ಹಿಂದಿನ ಹುಕ್ಕು ಹಾಕಲು ಮಗಳನ್ನು ಕರೆಯಬೇಕಾಗುತ್ತದೆ. ಗಂಡಸರಿಗೆ ಧೋತರದ ಕಚ್ಚೆಯನ್ನು ಹಿಂದಕ್ಕೆ ಸಿಕ್ಕಿಸಲು ಕೈ ಹೋಗುವುದಿಲ್ಲ, ರುಮಾಲು ಸುತ್ತಲು ತೋಳು ಏಳುವುದಿಲ್ಲ. ಕಮಲಾಪುರದಿಂದ ಕಲಬುರಗಿಗೆ ಬಸ್ಸಿನಲ್ಲಿ ನಿಂತು ಬರುವವರು ಮೇಲಿನ ಸರಳು ಹಿಡಿಯಲಾಗದೆ ಸೀಟಿನ ಬೆನ್ನು ಹಿಡಿದು ಓಲಾಡುತ್ತಾರೆ. ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ನಿದ್ದೆ ಮುಗಿದಂತೆ.

“ಕೈ ಎತ್ತಲಾಕ ಬರಂಗಿಲ್ಲ, ಹಿಂದಕಂತೂ ಹೋಗಂಗೇ ಇಲ್ಲ” ಎಂಬ ದೂರು ಹೊತ್ತು ಬರುವವರ ಬಾಯಲ್ಲಿ ಕಾರಣವೂ ಸಿದ್ಧವಾಗಿರುತ್ತದೆ. ಬಾಳೆಗೊನೆ ಹೊತ್ತದ್ದು, ತೊಗರಿ ಚೀಲ ಎತ್ತಿದ್ದು, ಫ್ಯಾನಿನ ಕೆಳಗೆ ಮಲಗಿದ್ದು, ವಾಯು ಹಿಡಿದದ್ದು. ಕಮಲಾಪುರ ಕೆಂಪು ಬಾಳೆಗೆ ಹೆಸರಾದ ಊರು, ಆ ಹಣ್ಣಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇದೆ. ಗೊನೆ ಹೊರುವ ಹೆಗಲುಗಳಿಗೆ ಅಲ್ಲಿ ಬರವಿಲ್ಲ. ಆದರೆ ಎಷ್ಟೋ ಸಲ ಈ ರೋಗ ಭಾರ ಹೊರದ ಹೆಗಲನ್ನೇ ಹಿಡಿಯುತ್ತದೆ. ಬಲಗೈಯಲ್ಲಿ ದುಡಿಯುವವರಿಗೆ ಎಡಭುಜ ಹಿಡಿದದ್ದೂ ಸಾಮಾನ್ಯ. ಅದಕ್ಕೆ ಕಾರಣ ಹುಡುಕಬೇಕಾದ್ದು ಹೊರೆಯಲ್ಲಲ್ಲ, ರಕ್ತದಲ್ಲಿ.

1872ರಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ಡ್ಯೂಪ್ಲೆ ಈ ಕಾಯಿಲೆಯನ್ನು ಮೊದಲು ವಿವರಿಸಿದ. ‘ಫ್ರೋಜನ್ ಶೋಲ್ಡರ್’ ಎಂಬ ಹೆಸರು ಬಂದದ್ದು 1934ರಲ್ಲಿ, ಬಾಸ್ಟನ್ನಿನ ಅರ್ನೆಸ್ಟ್ ಕಾಡ್ಮನ್ ಅವರಿಂದ. 1945ರಲ್ಲಿ ಜೂಲಿಯಸ್ ನೆವಿಯಾಸರ್ ಕೀಲಿನ ಚೀಲವನ್ನೇ ಪರೀಕ್ಷಿಸಿ, ತೊಂದರೆ ಇರುವುದು ಆ ಚೀಲದಲ್ಲಿ ಎಂದು ತೋರಿಸಿದರು.

ಭುಜದ ಕೀಲನ್ನು ತೆಳುವಾದ, ಸಡಿಲವಾದ ಚೀಲವೊಂದು ಸುತ್ತುವರಿದಿದೆ. ಕಂಕುಳ ಬದಿಯಲ್ಲಿ ಅದು ಮಡಿಕೆ ಬಿದ್ದಿರುತ್ತದೆ. ಕೈ ಮೇಲೆತ್ತಿದಾಗ ಆ ಮಡಿಕೆ ಬಿಚ್ಚಿಕೊಳ್ಳುತ್ತದೆ. ರೋಗ ಶುರುವಾದಾಗ ಚೀಲದ ಒಳಪದರ ಕೆಂಪಾಗಿ ಊದಿಕೊಳ್ಳುತ್ತದೆ. ಇದು ಉರಿಯೂತದ ಕಾಲ, ನೋವಿನ ಕಾಲ. ತಿಂಗಳುಗಳು ಕಳೆದಂತೆ ಅಲ್ಲಿ ನಾರು ಬೆಳೆದು ಚೀಲ ದಪ್ಪಗಾಗುತ್ತದೆ, ಕುಗ್ಗುತ್ತದೆ. ಒಗೆದ ಮೇಲೆ ಕಂಕುಳಲ್ಲಿ ಬಿಗಿಯಾದ ಕುಪ್ಪಸ ತೊಟ್ಟವರಿಗೆ ಕೈ ಎತ್ತಲಾಗದಂಥದ್ದೇ ಸ್ಥಿತಿ. ಆರೋಗ್ಯವಂತ ಭುಜದ ಚೀಲದಲ್ಲಿ ಸುಮಾರು 20ರಿಂದ 30 ಮಿ.ಲೀ. ದ್ರವ ಹಿಡಿಸುತ್ತದೆ. ಹಿಡಿದ ಹೆಗಲಿನಲ್ಲಿ 10 ಮಿ.ಲೀ. ಹಿಡಿಸುವುದೂ ಕಷ್ಟ.

ಕಾಯಿಲೆ ಮೂರು ಹಂತಗಳಲ್ಲಿ ಸಾಗುತ್ತದೆ. ಮೊದಲ ಎರಡರಿಂದ ಒಂಬತ್ತು ತಿಂಗಳು ನೋವಿನದೇ ಆಟ. ಆಮೇಲೆ ನೋವು ತಗ್ಗಿ ಬಿಗಿತ ಉಳಿಯುವ ಕಾಲ, ನಾಲ್ಕರಿಂದ ಹನ್ನೆರಡು ತಿಂಗಳು. ಕೊನೆಗೆ ನಿಧಾನವಾಗಿ ಸಡಿಲಾಗುವ ದೀರ್ಘ ಅವಧಿ. 1975ರಲ್ಲಿ ರೀವ್ಸ್ ಎಂಬ ವೈದ್ಯ ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ, ಇಡೀ ಕಾಯಿಲೆಯ ಸರಾಸರಿ ಆಯಸ್ಸು 30 ತಿಂಗಳು ಎಂದು ಲೆಕ್ಕ ಹಾಕಿದ. “ತಾನೇ ಬಂದದ್ದು ತಾನೇ ಹೋಗ್ತದ” ಎಂದು ಹಿರಿಯರು ಹೇಳುವ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ 2008ರಲ್ಲಿ ಪ್ರಕಟವಾದ ಆಕ್ಸ್‌ಫರ್ಡ್ ಅಧ್ಯಯನದಲ್ಲಿ, ಸರಾಸರಿ ನಾಲ್ಕೂವರೆ ವರ್ಷದ ನಂತರವೂ ಶೇ 41 ಮಂದಿಗೆ ಒಂದಿಷ್ಟು ನೋವೋ ಬಿಗಿತವೋ ಉಳಿದಿತ್ತು. ಹೆಚ್ಚಿನವರಿಗೆ ಅದು ಸೌಮ್ಯ ತೊಂದರೆ, ನಿಜ. ಆದರೂ ಕೂಲಿ ಮಾಡಿ ಉಣ್ಣುವವರಿಗೆ ಎರಡೂವರೆ ವರ್ಷ ಕೈ ಏಳದಿರುವುದು ಸಣ್ಣ ಮಾತಲ್ಲ.

ಜನಸಾಮಾನ್ಯರಲ್ಲಿ ಶೇ 2ರಿಂದ 5 ಮಂದಿಗೆ, ಹೆಚ್ಚಾಗಿ 40ರಿಂದ 60ರ ವಯಸ್ಸಿನಲ್ಲಿ, ಗಂಡಸರಿಗಿಂತ ಹೆಂಗಸರಿಗೆ ಇದು ಹೆಚ್ಚು ಬರುತ್ತದೆ. ಥೈರಾಯ್ಡ್ ತೊಂದರೆ ಇದ್ದವರಲ್ಲಿ, ಪಾರ್ಶ್ವವಾಯು ಆದವರಲ್ಲಿ, ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಆದವರಲ್ಲಿ, ಕೈ ಮುರಿದು ಬಹುಕಾಲ ಕಟ್ಟಿಟ್ಟವರಲ್ಲಿ ಸಾಧ್ಯತೆ ಹೆಚ್ಚು. ಎಲ್ಲಕ್ಕಿಂತ ದೊಡ್ಡ ನಂಟು ಸಕ್ಕರೆ ಕಾಯಿಲೆಯದು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2016ರ ವಿಶ್ಲೇಷಣೆಯ ಪ್ರಕಾರ ಮಧುಮೇಹಿಗಳಲ್ಲಿ ಶೇ 13ಕ್ಕೂ ಹೆಚ್ಚು ಮಂದಿಗೆ ಹೆಗಲು ಹಿಡಿದಿರುತ್ತದೆ; ಹೆಗಲು ಹಿಡಿದವರಲ್ಲಿ ಹೆಚ್ಚುಕಡಿಮೆ ಶೇ 30 ಮಂದಿಗೆ ಮಧುಮೇಹ ಇರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಪ್ರಕಟವಾದಾಗ ದೇಶದ ಮಧುಮೇಹಿಗಳ ಸಂಖ್ಯೆ 10 ಕೋಟಿ ದಾಟಿತ್ತು. ಇವೆರಡನ್ನೂ ಜೋಡಿಸಿ ನೋಡಿದರೆ ಕಲಬುರಗಿಯ ಯಾವ ಎಲುಬು-ಕೀಲು ವಿಭಾಗದ ಮುಂದಿನ ಬೆಂಚೂ ಯಾಕೆ ಖಾಲಿ ಇರುವುದಿಲ್ಲ ಎಂಬುದು ತಿಳಿಯುತ್ತದೆ. ಎಷ್ಟೋ ಮಂದಿಗೆ ತಮಗೆ ಶುಗರ್ ಇದೆ ಎಂದು ಗೊತ್ತಾಗುವುದೇ ಹೆಗಲು ಹಿಡಿದ ಮೇಲೆ.

ಕಲಬುರಗಿ ನಗರ ಆಸ್ಪತ್ರೆಗಳ ವಿಷಯದಲ್ಲಿ ಬಡ ಊರೇನಲ್ಲ. ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು 1963ರಿಂದ ಇದೆ, ಅದಕ್ಕೆ ಸೇರಿದ ಬಸವೇಶ್ವರ ಆಸ್ಪತ್ರೆ ಸುತ್ತಲಿನ ಜಿಲ್ಲೆಗಳಿಗೂ ಪರಿಚಿತ. ಸರ್ಕಾರದ ಜಿಮ್ಸ್ ಇದೆ, ಇಎಸ್‌ಐ ವೈದ್ಯಕೀಯ ಕಾಲೇಜಿದೆ, ಖಾಜಾ ಬಂದೇನವಾಜ್ ಹೆಸರಿನ ಕಾಲೇಜಿದೆ. ಒಂದೇ ಊರಿನಲ್ಲಿ ಇಷ್ಟು ಎಲುಬು-ಕೀಲು ವಿಭಾಗಗಳಿರುವಾಗ, ಹುಮನಾಬಾದ್ ರಸ್ತೆಯಲ್ಲಿ ಒಂದು ತಾಸಿನ ಹಾದಿಯ ಕಮಲಾಪುರದವರು ವರ್ಷಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡು ಕೂರುವುದು ದುಃಖದ ಸಂಗತಿ. ಅದಕ್ಕೆ ಕಾರಣ ದೂರವಲ್ಲ, ಕೀಲಿಗೆ ಹಾಕುವ ಸ್ಟೀರಾಯ್ಡ್ ಸೂಜಿಯ ಭಯ. “ಕೀಲಿನಾಗ ಸೂಜಿ ಹಾಕಿಸ್ಕೊಂಡ್ರ ಕೈ ಸತ್ತೇ ಹೋಗ್ತದ” ಎಂಬ ಮಾತು ಹಳ್ಳಿಯಿಂದ ಹಳ್ಳಿಗೆ ಹೋಗುತ್ತದೆ, ಸ್ಟೀರಾಯ್ಡ್ ಎಂಬ ಹೆಸರು ಕೇಳಿದರಂತೂ ಅರ್ಧ ಜನ ಎದ್ದು ನಡೆಯುತ್ತಾರೆ.

ಆ ಔಷಧಿಯ ಚರಿತ್ರೆ ಚಿಕ್ಕದು, ಆದರೆ ಮಹತ್ವದ್ದು. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ ರೋಗಿಗೆ ಮೊದಲ ಬಾರಿ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟರು. ಎರಡೇ ವರ್ಷದಲ್ಲಿ ಇದರ ಹಿಂದಿದ್ದ ಸಂಶೋಧಕರಾದ ಹೆಂಚ್, ಕೆಂಡಾಲ್ ಮತ್ತು ರೈಖ್‌ಸ್ಟೈನ್ ಅವರಿಗೆ ನೊಬೆಲ್ ಬಂತು. 1951ರ ಹೊತ್ತಿಗೆ ಫಿಲಡೆಲ್ಫಿಯಾದ ಜೋಸೆಫ್ ಹೊಲಾಂಡರ್ ಇದೇ ವರ್ಗದ ಹೈಡ್ರೋಕಾರ್ಟಿಸೋನನ್ನು ನೇರವಾಗಿ ಕೀಲಿನೊಳಗೆ ಕೊಡುವುದನ್ನು ರೂಢಿಗೆ ತಂದರು. ಮೈಗೆಲ್ಲ ಹರಡುವ ಬದಲು ಬೇಕಾದ ಜಾಗದಲ್ಲೇ ಔಷಧಿ ನಿಲ್ಲಲಿ ಎಂಬುದೇ ಅದರ ಉದ್ದೇಶ. ಇಂದು ಭುಜಕ್ಕೆ ಹೆಚ್ಚಾಗಿ ಕೊಡುವುದು ಟ್ರಯಾಮ್ಸಿನಲೋನ್ ಅಥವಾ ಮೀಥೈಲ್‌ಪ್ರೆಡ್ನಿಸೋಲೋನ್, ಜೊತೆಗೆ ಮರವಳಿಕೆಯ ಲಿಗ್ನೊಕೇನ್. ತಿಂಗಳುಗಟ್ಟಲೆ ನುಂಗುವ ಸ್ಟೀರಾಯ್ಡ್ ಮಾತ್ರೆಗಳ ಅಪಾಯವನ್ನು ಈ ಒಂದು ಸೂಜಿಗೆ ಅಂಟಿಸುವುದು ಅನ್ಯಾಯ.

ಸೂಜಿ ಎಲ್ಲಿ ಇಳಿಯಬೇಕು ಎಂಬುದರಲ್ಲಿ ವೈದ್ಯರ ನಡುವೆಯೇ ಹಲವು ದಾರಿಗಳಿವೆ. ಈ ಭಾಗದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಹಿಂಬದಿಯ ದಾರಿ. ರೋಗಿಯನ್ನು ಸ್ಟೂಲಿನ ಮೇಲೆ ಕೂಡಿಸಿ, ಕೈಯನ್ನು ತೊಡೆಯ ಮೇಲೆ ಇಡಿಸಿ, ಭುಜದ ಹಿಂಬದಿಯ ಎಲುಬಿನ ಮೂಲೆಯನ್ನು ವೈದ್ಯರು ಬೆರಳಿನಿಂದ ಗುರುತಿಸುತ್ತಾರೆ. ಅದರ ಕೆಳಗೆ ಸುಮಾರು 2 ಸೆಂ.ಮೀ., ಒಂದಿಷ್ಟು ಒಳಕ್ಕೆ, ಮೆದುವಾದ ತಗ್ಗೊಂದು ಸಿಗುತ್ತದೆ. ಅಲ್ಲಿಂದ ಎದೆಯ ಬದಿಯಲ್ಲಿರುವ ಎಲುಬಿನ ತುದಿಯನ್ನು ಗುರಿಯಾಗಿಟ್ಟುಕೊಂಡು ಸೂಜಿ ಒಳಗೆ ಹೋಗುತ್ತದೆ. ದೊಡ್ಡ ರಕ್ತನಾಳ, ನರಗಳು ಆ ದಾರಿಯಲ್ಲಿ ಸಿಗುವುದು ಕಡಿಮೆ. ರೋಗಿಗೆ ಸೂಜಿ ಕಾಣುವುದಿಲ್ಲ ಎಂಬುದೂ ಸಣ್ಣ ಅನುಕೂಲವಲ್ಲ. ಔಷಧಿ ತಡೆಯಿಲ್ಲದೆ ಹರಿದರೆ ಸೂಜಿ ಕೀಲಿನೊಳಗೆ ಇದೆ ಎಂದು ಅನುಭವಸ್ಥ ಕೈ ಅಂದಾಜು ಮಾಡುತ್ತದೆ. ಹೊಸದಾಗಿ ಕಲಿಯುವವರಿಗೆ ಇಲ್ಲೊಂದು ತೊಡಕಿದೆ: ಹಿಡಿದ ಹೆಗಲಿನ ಚೀಲವೇ ಬಿಗಿಯಾಗಿರುವುದರಿಂದ, ಸೂಜಿ ಸರಿಯಾದ ಜಾಗದಲ್ಲಿದ್ದರೂ ಪಿಸ್ಟನ್ ಗಟ್ಟಿ ಅನ್ನಿಸುತ್ತದೆ.

ಎರಡನೆಯದು ಮುಂಬದಿಯ ದಾರಿ. ಎದೆಯ ಬದಿಯ ಅದೇ ಎಲುಬಿನ ತುದಿಯ ಪಕ್ಕದಲ್ಲಿ ಸೂಜಿ ಇಳಿಯುತ್ತದೆ. ಕುಗ್ಗಿದ ಚೀಲದ ಅತ್ಯಂತ ದಪ್ಪಗಾದ ಭಾಗ ಇದರ ಹತ್ತಿರವೇ ಇರುವುದರಿಂದ ಕೆಲವು ವೈದ್ಯರು ಇದನ್ನೇ ಇಷ್ಟಪಡುತ್ತಾರೆ.

ಮೂರನೆಯದು ಕೀಲಿನ ಹೊರಗೇ ನಿಲ್ಲುವ ಸೂಜಿ. ಭುಜದ ಮೇಲ್ಚಾವಣಿಯಂತಿರುವ ಎಲುಬಿನ ಕೆಳಗೆ ಜಾರುಚೀಲವೊಂದಿದೆ, ಔಷಧಿಯನ್ನು ಅಲ್ಲಿ ಬಿಡುತ್ತಾರೆ. ಹಾಕುವುದು ಸುಲಭ. ತೊಂದರೆಯ ಬೇರು ಇರುವುದು ಕೀಲಿನ ಚೀಲದಲ್ಲಿ, ಹಾಗಾಗಿ ಇದು ಪ್ರಯೋಜನವಿಲ್ಲದ ಸೂಜಿ ಎಂದು ಬಹಳ ಮಂದಿ ನಂಬಿದ್ದರು. 2011ರಲ್ಲಿ ದಕ್ಷಿಣ ಕೊರಿಯಾದ ವೈದ್ಯರು 71 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೀಲಿನೊಳಗೆ, ಇನ್ನೊಂದಕ್ಕೆ ಹೊರಗಿನ ಜಾರುಚೀಲಕ್ಕೆ ಸ್ಟೀರಾಯ್ಡ್ ಕೊಟ್ಟು ನೋಡಿದರು. ಮೂರು ವಾರದ ಹೊತ್ತಿಗೆ ಕೀಲಿನೊಳಗೆ ಹಾಕಿಸಿಕೊಂಡವರಿಗೆ ನೋವು ಹೆಚ್ಚು ತಗ್ಗಿತ್ತು. ಆಮೇಲಿನ ವಾರಗಳಲ್ಲಿ ಎರಡೂ ಗುಂಪು ಸಮನಾದವು. ಹಾಗಾದರೆ ಮೂರು ಕಡೆ ಒಟ್ಟಿಗೆ ಕೊಟ್ಟರೆ ಹೇಗೆ? ಹಲವು ಜಾಗಕ್ಕೆ ಹಂಚಿ ಕೊಟ್ಟ ಸೂಜಿ ಒಂದೇ ಕಡೆ ಕೊಟ್ಟದ್ದಕ್ಕಿಂತ ಮೇಲು ಎಂದು 2021ರಲ್ಲಿ ಟರ್ಕಿಯ ವೈದ್ಯರ ಪ್ರಯೋಗವೊಂದು ತೋರಿಸಿತು. ಉತ್ತೇಜನ ಕೊಡುವ ಫಲಿತಾಂಶ. ಆದರೆ ಒಂದು ಪ್ರಯೋಗದ ಮೇಲೆ ಎಲ್ಲರ ಹೆಗಲಿಗೂ ಮೂರು ಮೂರು ಸೂಜಿ ಚುಚ್ಚುವ ಅವಸರ ಬೇಡ.

ಕೀಲನ್ನೇ ಮುಟ್ಟದ ದಾರಿಯೂ ಉಂಟು. ಭುಜದ ಕೀಲಿನ ನೋವನ್ನು ಮಿದುಳಿಗೆ ಒಯ್ಯುವ ಕೆಲಸದಲ್ಲಿ ದೊಡ್ಡ ಪಾಲು ಒಂದೇ ನರದ್ದು. ಅದು ಬೆನ್ನಿನ ರೆಕ್ಕೆಯೆಲುಬಿನ ಮೇಲಂಚಿನಲ್ಲಿರುವ ಕಚ್ಚಿನ ಮೂಲಕ ಹಾದುಹೋಗುತ್ತದೆ. ಅದರ ಸುತ್ತ ಮರವಳಿಕೆಯ ಔಷಧಿ ಕೊಟ್ಟರೆ ಅದೇ ದಿನ ನೋವು ಇಳಿದು ರೋಗಿ ವ್ಯಾಯಾಮಕ್ಕೆ ಕೈ ಕೊಡುತ್ತಾನೆ. ಸಕ್ಕರೆ ಮಟ್ಟ ಕೈಮೀರಿರುವವರಿಗೆ ಸ್ಟೀರಾಯ್ಡ್ ಬೆರೆಸದೆಯೂ ಇದನ್ನು ಕೊಡಬಹುದು, ಅದೇ ಇದರ ದೊಡ್ಡ ಗುಣ. ಶ್ವಾಸಕೋಶದ ಹತ್ತಿರದ ಜಾಗವಾದ್ದರಿಂದ ಕಲಿತ ಕೈಯೇ ಬೇಕು. ಮಧುಮೇಹಿಗಳೇ ತುಂಬಿರುವ ನಮ್ಮ ಕಡೆ ಈ ದಾರಿಗೆ ಇನ್ನೂ ಹೆಚ್ಚು ಬೆಲೆ ಸಿಗಬೇಕಿತ್ತು.

ಉಪ್ಪುನೀರು ತುಂಬಿ ಚೀಲವನ್ನು ಹಿಗ್ಗಿಸುವ ಪದ್ಧತಿ 1960ರ ದಶಕದಲ್ಲಿ ಸ್ವೀಡನ್ನಿನಿಂದ ಬಂದದ್ದು. ಸ್ಟೀರಾಯ್ಡ್ ಮತ್ತು ಮರವಳಿಕೆಯ ಔಷಧಿಯೊಂದಿಗೆ 20ರಿಂದ 40 ಮಿ.ಲೀ.ವರೆಗೆ ಸಲೈನ್ ಒಳಗೆ ಹೋಗುತ್ತದೆ, ಕುಗ್ಗಿದ ಚೀಲ ಬಿರಿಯುವ ಮಟ್ಟಕ್ಕೆ ಹಿಗ್ಗುತ್ತದೆ. ಕೆಲವು ನಿಮಿಷ ತಡೆದುಕೊಳ್ಳುವುದು ಕಷ್ಟ. ಆಸ್ಟ್ರೇಲಿಯಾದ ರಾಚೆಲ್ ಬುಕ್‌ಬೈಂಡರ್ ಮತ್ತು ಸಂಗಡಿಗರು ಸಾಕ್ಷ್ಯಗಳನ್ನೆಲ್ಲ ಜಾಲಾಡಿ 2008ರಲ್ಲಿ ಬರೆದ ಪರಾಮರ್ಶೆಯಲ್ಲಿ, ಸ್ಟೀರಾಯ್ಡ್ ಸಹಿತವಾದ ಈ ವಿಧಾನದಿಂದ ಅಲ್ಪಾವಧಿಯ ಲಾಭ ಇದೆ, ಬೇರೆ ಚಿಕಿತ್ಸೆಗಳಿಗಿಂತ ಇದು ಮೇಲೆಂದು ಹೇಳಲಾಗದು ಎಂಬ ತೀರ್ಮಾನಕ್ಕೆ ಬಂದರು. ನೋವಿನ ಹಂತ ದಾಟಿ ಬಿಗಿತವೇ ಮುಖ್ಯವಾದವರಿಗೆ ಇದನ್ನು ಯೋಚಿಸಬಹುದು.

ಪಿಆರ್‌ಪಿ ಬಗ್ಗೆ ಈಗ ಬಹಳ ಪ್ರಚಾರ. ರೋಗಿಯದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಹೆಚ್ಚಿರುವ ಭಾಗವನ್ನು ಕೀಲಿಗೆ ಕೊಡುವ ವಿಧಾನ ಇದು. ಭಾರತದಲ್ಲೇ ನಡೆದ ಕೆಲವು ಅಧ್ಯಯನಗಳಲ್ಲಿ ಮೂರು ತಿಂಗಳ ಹೊತ್ತಿಗೆ ಒಳ್ಳೆಯ ಫಲಿತಾಂಶ ಬಂದಿದೆ. ಸಕ್ಕರೆ ಏರಿಸುವ ಭಯವಿಲ್ಲ. ಆದರೆ ಒಂದು ಪ್ರಯೋಗಾಲಯದ ಪಿಆರ್‌ಪಿ ಇನ್ನೊಂದರ ಹಾಗಿರುವುದಿಲ್ಲ, ಖರ್ಚು ಸಾವಿರಗಟ್ಟಲೆ. ತೊಗರಿ ಮಾರಿದ ಹಣದಲ್ಲಿ ಮೊದಲ ಚಿಕಿತ್ಸೆಯಾಗಿ ಇದನ್ನು ಕೊಳ್ಳಬೇಕೆಂದು ಯಾರಾದರೂ ಒತ್ತಾಯಿಸಿದರೆ ಒಪ್ಪಬೇಕಿಲ್ಲ.

ಸೂಜಿಯನ್ನು ಕಣ್ಣಂದಾಜಿನಲ್ಲಿ ಹಾಕಬೇಕೋ ಯಂತ್ರದಲ್ಲಿ ನೋಡಿ ಹಾಕಬೇಕೋ ಎಂಬ ಪ್ರಶ್ನೆ ಇನ್ನಷ್ಟು ಕುತೂಹಲದ್ದು. ಕಣ್ಣಂದಾಜು ಎಷ್ಟು ಸಲ ತಪ್ಪುತ್ತದೆ ಎಂಬುದನ್ನು 1997ರ ಅಧ್ಯಯನವೊಂದು ನಿರ್ದಾಕ್ಷಿಣ್ಯವಾಗಿ ತೋರಿಸಿತು. ಔಷಧಿಯ ಜೊತೆ ಎಕ್ಸ್-ರೇಯಲ್ಲಿ ಕಾಣುವ ದ್ರವ ಬೆರೆಸಿ ನೋಡಿದರೆ, ಕೀಲಿನೊಳಗೆ ಹಾಕಿದ್ದೇವೆ ಎಂದು ತಜ್ಞರು ನಂಬಿದ್ದ 24 ಸೂಜಿಗಳಲ್ಲಿ 10 ಮಾತ್ರ ಒಳಗಿದ್ದವು. 2005ರಲ್ಲಿ ಅಮೆರಿಕದಲ್ಲಿ ಮುಂಬದಿಯಿಂದ ಹಾಕಿ ನೋಡಿದಾಗ ಗುರಿ ಮುಟ್ಟಿದ್ದು ಶೇ 27ರಷ್ಟು. ಅಲ್ಟ್ರಾಸೌಂಡ್ ನೋಡುತ್ತ ಹಾಕಿದರೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಸೂಜಿಗಳು ಸರಿಯಾದ ಜಾಗ ಸೇರುತ್ತವೆ.

ಇಷ್ಟು ಓದಿದವರಿಗೆ ಅಲ್ಟ್ರಾಸೌಂಡ್ ಇಲ್ಲದ ಸೂಜಿ ವ್ಯರ್ಥ ಅನ್ನಿಸುವುದು ಸಹಜ. ಆದರೆ ರೋಗಿಗೆ ಬೇಕಾದ್ದು ನೋವು ಇಳಿಯುವುದು, ಕೈ ಏಳುವುದು. 2009ರಲ್ಲಿ ಕೊರಿಯಾದಲ್ಲಿ 43 ರೋಗಿಗಳಲ್ಲಿ ಎರಡನ್ನೂ ಹೋಲಿಸಿದಾಗ ಅಲ್ಟ್ರಾಸೌಂಡ್ ಗುಂಪಿಗೆ ಮೊದಲ ಎರಡು ವಾರ ಹೆಚ್ಚು ಆರಾಮ ಸಿಕ್ಕಿತು, ಆಮೇಲೆ ಅಂತರ ಉಳಿಯಲಿಲ್ಲ. ಬಗೆಬಗೆಯ ಭುಜನೋವುಗಳ ಮೇಲಿನ ಪ್ರಯೋಗಗಳನ್ನು ಸೇರಿಸಿ 2021ರಲ್ಲಿ ಬಂದ ಕಾಕ್ರೇನ್ ಪರಾಮರ್ಶೆಯೂ ಯಂತ್ರದ ನೆರವಿನಿಂದ ರೋಗಿಗೆ ಸಿಗುವ ಹೆಚ್ಚುವರಿ ಲಾಭ ಅತ್ಯಲ್ಪ ಎಂದಿತು. ಕೀಲಿನ ಪಕ್ಕದಲ್ಲಿ ಬಿದ್ದ ಔಷಧಿಯೂ ಸುತ್ತ ಹರಡುತ್ತದೆ, ಒಂದಿಷ್ಟು ರಕ್ತಕ್ಕೆ ಸೇರಿ ಕೆಲಸ ಮಾಡುತ್ತದೆ.

ಇದು ಕಮಲಾಪುರದಂಥ ಊರಿಗೆ ತುಂಬ ಮಹತ್ವದ ಸಂಗತಿ. ನಮ್ಮ ದೇಶದಲ್ಲಿ ಅಲ್ಟ್ರಾಸೌಂಡ್ ಯಂತ್ರವನ್ನು ಎಲ್ಲಿ ಬೇಕಾದರೂ ಇಟ್ಟುಕೊಳ್ಳುವಂತಿಲ್ಲ. ಭ್ರೂಣಲಿಂಗ ಪತ್ತೆ ತಡೆಯಲು 1994ರಲ್ಲಿ ಬಂದ ಕಾಯ್ದೆಯಡಿ ಪ್ರತಿ ಯಂತ್ರವನ್ನೂ ಅದು ಇರುವ ಜಾಗವನ್ನೂ ನೋಂದಾಯಿಸಬೇಕು, ಬಳಸುವವರಿಗೆ ನಿಗದಿತ ಅರ್ಹತೆ ಇರಬೇಕು. ಹೆಣ್ಣುಮಕ್ಕಳ ಜೀವ ಉಳಿಸಲು ಬೇಕೇ ಬೇಕಾದ ಕಾನೂನು ಅದು. ಅದರ ಕಾರಣದಿಂದ ಭುಜಕ್ಕೆ ಸೂಜಿ ಹಾಕುವ ವೈದ್ಯರ ಮೇಜಿನ ಮೇಲೆ ಚಿಕ್ಕ ಯಂತ್ರವೊಂದು ಇರುವುದು ಅಪರೂಪ. ಹಿಂಬದಿಯ ದಾರಿ ಚೆನ್ನಾಗಿ ಕಲಿತ ವೈದ್ಯರು ಹತ್ತಿರದಲ್ಲಿದ್ದರೆ, ಯಂತ್ರಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕಾದ ಕಾರಣವಿಲ್ಲ. ಮೊದಲ ಸೂಜಿ ಫಲಿಸದಿದ್ದರೆ, ರೋಗಿ ತುಂಬ ದಪ್ಪಗಿದ್ದು ಎಲುಬಿನ ಗುರುತು ಸಿಗದಿದ್ದರೆ, ಆಗ ಯಂತ್ರವಿರುವ ದೊಡ್ಡ ಆಸ್ಪತ್ರೆಯ ದಾರಿ ಹಿಡಿಯುವುದು ಸರಿ.

ಜಾಗಕ್ಕಿಂತ ಮುಖ್ಯವಾದದ್ದು ಕಾಲ. ಸ್ಟೀರಾಯ್ಡ್ ಉರಿಯೂತವನ್ನು ಇಳಿಸುತ್ತದೆ, ಬೆಳೆದು ಗಟ್ಟಿಯಾದ ನಾರನ್ನು ಕರಗಿಸುವುದಿಲ್ಲ. ಆದ್ದರಿಂದ ನೋವಿನ ಮೊದಲ ತಿಂಗಳುಗಳಲ್ಲಿ ಹಾಕಿದ ಸೂಜಿಗೆ ಇರುವ ಬಲ, ವರ್ಷ ಕಳೆದ ಮೇಲೆ ಹಾಕಿದ್ದಕ್ಕೆ ಇರುವುದಿಲ್ಲ. 65 ಅಧ್ಯಯನಗಳ 4,000ಕ್ಕೂ ಹೆಚ್ಚು ರೋಗಿಗಳ ವಿವರ ಒಟ್ಟುಗೂಡಿಸಿದ 2020ರ ವಿಶ್ಲೇಷಣೆಯೂ, ಕಾಯಿಲೆ ಒಂದು ವರ್ಷ ದಾಟದವರಿಗೆ ಕೀಲಿನೊಳಗಿನ ಸ್ಟೀರಾಯ್ಡನ್ನು ಮೊದಲು ಕೊಡಬೇಕೆಂದು ಸಲಹೆ ಮಾಡಿತು, ಜೊತೆಗೆ ಮನೆಯಲ್ಲಿ ವ್ಯಾಯಾಮ. ಕಮಲಾಪುರದ ಕಡೆ ನಡೆಯುವುದು ಇದರ ತಿರುಗುಮುರುಗು. ಮೊದಲ ಆರು ತಿಂಗಳು ಎಣ್ಣೆ, ಲೇಪ, ನೋವಿನ ಗುಳಿಗೆ, ಚಪ್ಪೆಗೆ ಹಾಕುವ ಯಾವುದೋ ಸೂಜಿ. ಆ ಸೂಜಿಯಲ್ಲಿಯೂ ಎಷ್ಟೋ ಸಲ ಸ್ಟೀರಾಯ್ಡೇ ಇರುತ್ತದೆ, ನಾಲ್ಕು ದಿನ ಆರಾಮ ಸಿಗುತ್ತದೆ, ಮತ್ತೆ ಹಾಕಿಸಿಕೊಳ್ಳುತ್ತಾರೆ. ಹೀಗೆ ಲೆಕ್ಕವಿಲ್ಲದೆ ಮೈಗೆ ಹೋದ ಸ್ಟೀರಾಯ್ಡ್ ಸಕ್ಕರೆಯನ್ನು ಏರಿಸುತ್ತದೆ, ಎಲುಬನ್ನು ಸವೆಸುತ್ತದೆ. ಕೀಲಿಗೆ ಒಂದು ಸಲ ಹಾಕುವ ಸೂಜಿಗೆ ಹೆದರುವವರು ಇದಕ್ಕೆ ಹೆದರುವುದಿಲ್ಲ.

ಮಧುಮೇಹಿಗಳು ತಿಳಿದುಕೊಳ್ಳಬೇಕಾದ ಮಾತೊಂದಿದೆ. ಕೀಲಿಗೆ ಹಾಕಿದ ಸ್ಟೀರಾಯ್ಡ್ ಕೂಡ ಎರಡು ದಿನದಿಂದ ಒಂದು ವಾರದವರೆಗೆ ರಕ್ತದ ಸಕ್ಕರೆಯನ್ನು ಏರಿಸಬಲ್ಲದು. ಆ ವಾರ ದಿನವೂ ಪರೀಕ್ಷೆ ಮಾಡಿಕೊಳ್ಳಬೇಕು, ಇನ್ಸುಲಿನ್ ತೆಗೆದುಕೊಳ್ಳುವವರು ಪ್ರಮಾಣದ ಬಗ್ಗೆ ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು. ಪ್ರಮಾಣ ಹೆಚ್ಚಿದ್ದಷ್ಟೂ ಗುಣ ಹೆಚ್ಚು ಎಂಬ ನಂಬಿಕೆಗೂ ಆಧಾರ ಕಡಿಮೆ. 2013ರಲ್ಲಿ ಕೊರಿಯಾದವರೇ 20 ಮಿ.ಗ್ರಾಂ. ಮತ್ತು 40 ಮಿ.ಗ್ರಾಂ. ಟ್ರಯಾಮ್ಸಿನಲೋನನ್ನು ಹೋಲಿಸಿದಾಗ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಶುಗರ್ ಇರುವವರು “ಕಡಿಮೆ ಡೋಸ್ ಸಾಕಾಗ್ತದೇನ್ರೀ ಸರ?” ಎಂದು ಧೈರ್ಯವಾಗಿ ಕೇಳಬಹುದು.

ಸೂಜಿಗೆ ಮುಂಚೆ ಒಂದು ಎಕ್ಸ್-ರೇ, ಕೆಲವು ರಕ್ತಪರೀಕ್ಷೆ ಆಗಲೇಬೇಕು. ನಮ್ಮ ದೇಶದಲ್ಲಿ ಭುಜದ ಕೀಲಿಗೆ ಕ್ಷಯ ಬರುವುದುಂಟು. ಅದರ ಒಂದು ಬಗೆಯಲ್ಲಿ ಬಾವಿಲ್ಲ, ಕೀವಿಲ್ಲ. ಕೈ ಬಿಗಿಯುತ್ತದೆ, ತೋಳು ಸೊರಗುತ್ತದೆ, ಥೇಟ್ ಹಿಡಿದ ಹೆಗಲಿನ ಹಾಗೇ ಕಾಣುತ್ತದೆ. ಮಧುಮೇಹಿಗಳಿಗೆ ಕ್ಷಯದ ಸಾಧ್ಯತೆ ಹೆಚ್ಚು ಬೇರೆ. ಅಂಥ ಕೀಲಿಗೆ ಸ್ಟೀರಾಯ್ಡ್ ಹಾಕಿದರೆ ಬೆಂಕಿಗೆ ತುಪ್ಪ ಸುರಿದಂತೆ. ತೂಕ ಇಳಿಯುವುದು, ಸಂಜೆ ಜ್ವರ, ಹಿಂದೆ ಕ್ಷಯವಾಗಿದ್ದದ್ದು, ಯಾವುದಿದ್ದರೂ ಬಾಯಿಬಿಟ್ಟು ಹೇಳಬೇಕು. ನಡೆದಾಗ ಎಡಭುಜದಲ್ಲಿ ನೋವು ಬಂದು ನಿಂತಾಗ ಕಡಿಮೆಯಾದರೆ, ಬೆವರು ಬಂದರೆ, ಅದು ಎಲುಬಿನ ಡಾಕ್ಟರ ಕೆಲಸವಲ್ಲ. ಹೃದಯ ತೋರಿಸಲು ಕಲಬುರಗಿಯಲ್ಲೇ ಜಯದೇವ ಆಸ್ಪತ್ರೆ ಇದೆ.

ಸೂಜಿಯ ಮರುದಿನ ನೋವು ತುಸು ಹೆಚ್ಚಾಗಬಹುದು, ಮುಖ ಕೆಂಪಾಗಬಹುದು, ಚುಚ್ಚಿದ ಜಾಗದ ಚರ್ಮ ಬಿಳಚಿಕೊಳ್ಳಬಹುದು. ಕೀಲಿಗೆ ಸೋಂಕು ತಗಲುವುದು ತೀರಾ ಅಪರೂಪ, ಆದರೆ ಜ್ವರ ಬಂದು ಭುಜ ಬಿಸಿಯಾಗಿ ಊದಿದರೆ ಅದೇ ದಿನ ಆಸ್ಪತ್ರೆಗೆ ಓಡಬೇಕು.

ಇನ್ನು ವ್ಯಾಯಾಮ. ಕೆನಡಾದ ಸೈಮನ್ ಕ್ಯಾರೆಟ್ ಮತ್ತು ಸಂಗಡಿಗರು 2003ರಲ್ಲಿ 93 ರೋಗಿಗಳನ್ನು ನಾಲ್ಕು ಗುಂಪು ಮಾಡಿದ್ದರು: ಸೂಜಿ ಮತ್ತು ಫಿಸಿಯೋಥೆರಪಿ, ಸೂಜಿ ಮಾತ್ರ, ಫಿಸಿಯೋಥೆರಪಿ ಮಾತ್ರ, ಎರಡೂ ಇಲ್ಲ. ಎಲ್ಲರಿಗೂ ಮನೆಯಲ್ಲಿ ಮಾಡುವ ವ್ಯಾಯಾಮ ಹೇಳಿಕೊಟ್ಟಿದ್ದರು. ಆರನೇ ವಾರಕ್ಕೆ ಸೂಜಿ ಹಾಕಿಸಿಕೊಂಡವರು ಬಹಳ ಮುಂದಿದ್ದರು, ಫಿಸಿಯೋಥೆರಪಿಯೂ ಸೇರಿದವರ ಕೈ ಇನ್ನೂ ಬೇಗ ಸಡಿಲಾಯಿತು. ವರ್ಷದ ಕೊನೆಗೆ ನಾಲ್ಕೂ ಗುಂಪು ಹತ್ತಿರ ಹತ್ತಿರ ಬಂದವು. ಸೂಜಿ ಕಾಯಿಲೆಯನ್ನು ಬೇರುಸಹಿತ ಕೀಳುವುದಿಲ್ಲ, ಆದರೆ ನರಳುವ ತಿಂಗಳುಗಳನ್ನು ಕಡಿಮೆ ಮಾಡುತ್ತದೆ. ದಿನಗೂಲಿಯ ಮನೆಗಳಲ್ಲಿ ಆ ತಿಂಗಳುಗಳಿಗೇ ಬೆಲೆ.

ಎಳೆದು, ತಿರುಚಿ, ಹೆಗಲ ಮೇಲೆ ಕಾಲಿಟ್ಟು ಕೈ ಬಿಡಿಸುವ ನಾಟಿ ಪದ್ಧತಿ ಈ ಕಡೆ ಇನ್ನೂ ಇದೆ. ಅದನ್ನು ಸಹಿಸಬೇಕಿಲ್ಲ. ನೆದರ್‌ಲೆಂಡ್ಸ್‌ನಲ್ಲಿ 77 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನೋವಿನ ಮಿತಿಯೊಳಗೆ ಮೆಲ್ಲಗೆ ಕೈಯಾಡಿಸಿದವರ ಪೈಕಿ ಶೇ 89 ಮಂದಿಯ ಭುಜ ಎರಡು ವರ್ಷದಲ್ಲಿ ಬಹುಮಟ್ಟಿಗೆ ಸರಿಹೋಯಿತು. ನೋವು ಮೀರಿ ಎಳೆಸಿಕೊಂಡವರಲ್ಲಿ ಅದು ಶೇ 63. ಮುಂದಕ್ಕೆ ಬಾಗಿ ಕೈಯನ್ನು ಜೋತುಬಿಟ್ಟು ಸಣ್ಣದಾಗಿ ತೂಗುವುದು, ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲಗೆ ಮೇಲಕ್ಕೆ ನಡೆಸುವುದು, ಬೆನ್ನ ಹಿಂದೆ ಟವೆಲ್ ಹಿಡಿದು ಒಳ್ಳೆಯ ಕೈಯಿಂದ ಎಳೆಯುವುದು, ಮೊಣಕೈಯನ್ನು ಪಕ್ಕೆಗಂಟಿಸಿ ಕೋಲಿನಿಂದ ಮುಂಗೈಯನ್ನು ಹೊರಕ್ಕೆ ತಳ್ಳುವುದು ಇವಕ್ಕೆ ಯಾವ ಯಂತ್ರವೂ ಬೇಡ. ದಿನಕ್ಕೆ ಮೂರು ನಾಲ್ಕು ಸಲ, ಹತ್ತು ಹತ್ತು ನಿಮಿಷ. ಕಲಿಸಿಕೊಳ್ಳಲು ಫಿಸಿಯೋಥೆರಪಿಸ್ಟ್ ಬಳಿ ಒಂದೆರಡು ಸಲ ಹೋಗಬೇಕು. 2023ರ ಜೂನ್‌ನಿಂದ ‘ಶಕ್ತಿ’ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಉಚಿತವಾದ ಮೇಲೆ ಕಮಲಾಪುರದ ಅಕ್ಕಂದಿರಿಗೆ ಬಸ್ ಖರ್ಚಿನ ಅಡ್ಡಿಯೂ ಇಲ್ಲ.

ಇಷ್ಟಾದರೂ ಕೆಲವರ ಕೈ ಸಡಿಲಾಗುವುದಿಲ್ಲ. ಅವರಿಗೆ ಮತ್ತು ಬರಿಸಿ ಕೈ ಬಿಡಿಸುವುದು, ಕೀಲುದರ್ಶಕ ಹಾಕಿ ಚೀಲವನ್ನು ಕತ್ತರಿಸುವುದು ಎಂಬ ದಾರಿಗಳಿವೆ. ಬ್ರಿಟನ್ನಿನ 35 ಆಸ್ಪತ್ರೆಗಳಲ್ಲಿ 503 ರೋಗಿಗಳ ಮೇಲೆ ನಡೆದು 2020ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಈ ಎರಡು ದಾರಿಗಳಾಗಲಿ ಸೂಜಿಯೊಂದಿಗಿನ ಕ್ರಮಬದ್ಧ ಫಿಸಿಯೋಥೆರಪಿಯಾಗಲಿ ಒಂದಕ್ಕಿಂತ ಒಂದು ಸ್ಪಷ್ಟವಾಗಿ ಮೇಲಾಗಲಿಲ್ಲ. ಆಪರೇಷನ್ ಕೊನೆಯ ಸರದಿಗೆ ಇರಲಿ ಎನ್ನಲು ಇದಕ್ಕಿಂತ ಗಟ್ಟಿ ಆಧಾರ ಬೇಡ.

ಕೈ ಬೆನ್ನ ಹಿಂದೆ ಹೋಗದೆ, ರಾತ್ರಿ ನಿದ್ದೆ ಬಾರದೆ ತಿಂಗಳು ದಾಟಿದ್ದರೆ ಇನ್ನೊಂದು ಹಬ್ಬ ಮುಗಿಯಲಿ, ರಾಶಿ ಮುಗಿಯಲಿ ಎಂದು ಕಾಯಬೇಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಶುಗರ್ ಪರೀಕ್ಷೆ ಮಾಡಿಸಿ, ಆ ಚೀಟಿ ಹಿಡಿದು ಕಲಬುರಗಿಯ ಯಾವುದೇ ವೈದ್ಯಕೀಯ ಕಾಲೇಜಿನ ಎಲುಬು-ಕೀಲು ವಿಭಾಗಕ್ಕೆ ಹೋಗಿ. ಎಕ್ಸ್-ರೇ ನೋಡಿದ ಮೇಲೆ ವೈದ್ಯರು ಕೀಲಿಗೆ ಸೂಜಿ ಹಾಕೋಣ ಎಂದರೆ, ಯಾವ ಔಷಧಿ, ಎಷ್ಟು ಪ್ರಮಾಣ, ಯಾವ ಕಡೆಯಿಂದ ಎಂದು ಕೇಳಿ ಚೀಟಿಯ ಮೇಲೆ ಬರೆಸಿಕೊಳ್ಳಿ, ಹಾಕಿಸಿಕೊಳ್ಳಲು ಹಿಂಜರಿಯಬೇಡಿ.